ಹೆಪ್ಪಿನ ಜೀವ ಹೊಟ್ಟೆಯವರೆಗೆ: ಮೊಸರು, ತಂಗಳನ್ನ, ಉಪ್ಪುನೀರಿನ ತರಕಾರಿ ಮಾಡುವ ಕ್ರಮ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಯಾವ ಮನೆಯ ಅಡಿಗೆಕೋಣೆಗೆ ಹೋದರೂ ಹುಳಿ ಬಂದ ಪದಾರ್ಥ ಒಂದೆರಡಾದರೂ ಇರುತ್ತದೆ: ಮೊಸರು, ದೋಸೆ ಹಿಟ್ಟು, ಭರಣಿಯಲ್ಲಿ ಮಾವಿನ ಮಿಡಿ, ಮಳೆಗಾಲಕ್ಕೆಂದು ಹಾಕಿಟ್ಟ ಉಪ್ಪು ಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ). ಇವೆಲ್ಲವೂ ಪ್ರೊಬಯಾಟಿಕ್ ಎಂಬ ಮಾತು ಈಗ ಹಬ್ಬಿದೆ. ಅದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಸೂಕ್ಷ್ಮಾಣು ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿ ಹೊಟ್ಟೆ ಸೇರಬೇಕು, ಅದರಿಂದ ಆರೋಗ್ಯಕ್ಕೆ ಪ್ರಯೋಜನ ಆಗಬೇಕು. ದೋಸೆ ಹಿಟ್ಟಿನಲ್ಲಿ ಬ್ಯಾಕ್ಟೀರಿಯ ಕೋಟಿಗಟ್ಟಲೆ ಇದ್ದರೂ ಕಾವಲಿಯ ಮೇಲೆ ಸತ್ತುಹೋಗುತ್ತವೆ. ಕುದಿಸಿದ ಮಜ್ಜಿಗೆಹುಳಿಯದ್ದೂ ಅದೇ ಕತೆ. ಉಪ್ಪು ಸೊಳೆಯನ್ನು ನೀರಲ್ಲಿ ನೆನೆಸಿ, ಉಪ್ಪು ಬಿಡಿಸಿ, ಬೇಯಿಸಿಯೇ ತಿನ್ನುತ್ತೇವೆ. ಮಿಡಿಯ ಉಪ್ಪಿನಲ್ಲಿ ಹೆಚ್ಚಿನ ಬ್ಯಾಕ್ಟೀರಿಯ ಬೆಳೆಯುವುದೇ ಇಲ್ಲ. ರುಚಿಗೆ ಇವು ಬೇಕೇ ಬೇಕು. ಕರುಳಿಗೆ ಜೀವಂತ ಬ್ಯಾಕ್ಟೀರಿಯ ಮುಟ್ಟಿಸುವ ಕೆಲಸ ಇವುಗಳಿಂದ ಆಗದು. ಆ ಕೆಲಸಕ್ಕೆ ಮನೆಯಲ್ಲಿ ಉಳಿಯುವುದು ಮೊಸರು, ಮಜ್ಜಿಗೆ, ತಂಗಳನ್ನ ಮತ್ತು ಕಡಿಮೆ ಉಪ್ಪಿನ ನೀರಿನಲ್ಲಿ ಹುಳಿ ಬರಿಸಿದ ತರಕಾರಿ.

ಮೊದಲು ಮೊಸರು. ಅರ್ಧ ಲೀಟರ್ ಹಾಲನ್ನು ಉಕ್ಕಿ ಬಂದ ಮೇಲೂ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಯಾಡಿಸುತ್ತ ಇಡಿ. ಈ ಬಿಸಿಗೆ ಹಾಲಿನ ಪ್ರೋಟೀನು ಬದಲಾಗಿ ಮೊಸರು ಗಟ್ಟಿ ಕೂರುತ್ತದೆ. ಆಮೇಲೆ 40–42 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಲಿ. ಥರ್ಮಾಮೀಟರ್ ಇಲ್ಲದಿದ್ದರೆ ತೊಳೆದ ಕಿರುಬೆರಳು ಅದ್ದಿ ಹತ್ತು ಎಣಿಸಿ. ಬಿಸಿ ಗೊತ್ತಾಗಬೇಕು, ಬೆರಳು ತೆಗೆಯುವಷ್ಟು ಸುಡಬಾರದು. ಹೆಪ್ಪು ಬೇಸಗೆಯಲ್ಲಿ ಒಂದು ಸಣ್ಣ ಚಮಚ, ಆಟಿಯ ಮಳೆಯಲ್ಲಿ ಎರಡು. ಅದನ್ನು ಮೊದಲು ಎರಡು ಚಮಚ ಹಾಲಿನಲ್ಲಿ ಕದಡಿ, ಮತ್ತೆ ಇಡೀ ಪಾತ್ರೆಗೆ ಬೆರೆಸಿ, ಮುಚ್ಚಿ, ಅಲುಗಾಡಿಸದೆ ಇಡಿ. ಏಪ್ರಿಲಿನ ಸೆಕೆಗೆ ನಾಲ್ಕೈದು ಗಂಟೆ ಸಾಕು. ಜುಲೈಯಲ್ಲಿ ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ. ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ, ಈಗಷ್ಟೇ ಆರಿಸಿದ ಒಲೆಯ ಹತ್ತಿರ ಇಟ್ಟರೆ ಬೇಗ ಆಗುತ್ತದೆ. ಪಾತ್ರೆ ಓರೆ ಮಾಡಿದಾಗ ಮೊಸರು ಒಂದೇ ಗಡ್ಡೆಯಾಗಿ ಅಂಚು ಬಿಟ್ಟುಕೊಂಡರೆ ತಕ್ಷಣ ಫ್ರಿಜ್ಜಿಗೆ ಹಾಕಿ. ಅಲ್ಲಿಂದ ಮೂರು ನಾಲ್ಕು ದಿನದೊಳಗೆ ಮುಗಿಸಿ.

ತಪ್ಪುವುದು ಎಲ್ಲಿ? ಹಾಲು ತೀರಾ ಬಿಸಿ ಇದ್ದರೆ ಹೆಪ್ಪು ಸಾಯುತ್ತದೆ, ಮರುದಿನವೂ ಹಾಲು ಹಾಲಾಗಿಯೇ ಇರುತ್ತದೆ. ತಣ್ಣಗಾದ ಹಾಲಿಗೆ ಹಾಕಿದರೆ ಹೆಪ್ಪು ನಿಧಾನವಾಗಿ, ಬೇಡದ ಬ್ಯಾಕ್ಟೀರಿಯಗಳಿಗೆ ಜಾಗ ಸಿಗುತ್ತದೆ. ಚಮಚ ಎತ್ತಿದಾಗ ಲೋಳೆಯಾಗಿ ನೂಲು ಎಳೆದರೆ ಹೆಪ್ಪಿನಲ್ಲಿ ಬೇರೆ ಜಾತಿ ಸೇರಿಕೊಂಡಿದೆ ಎಂದು ಅರ್ಥ. ಆ ಹೆಪ್ಪು ಬಿಟ್ಟು ಹೊಸದು ತನ್ನಿ. ಗುಲಾಬಿ ಅಥವಾ ಹಸಿರು ಬಣ್ಣ ಕಂಡರೆ ಮೇಲಿಂದ ತೆಗೆದು ತಿನ್ನಬೇಡಿ, ಪೂರ್ತಿ ಚೆಲ್ಲಿ.

ಎಲ್ಲ ಸರಿ ಮಾಡಿದರೂ ಮೊಸರು ಆಗುತ್ತಿಲ್ಲವಾದರೆ ಹಾಲು ಕೊಡುವ ಮನೆಯವರಲ್ಲಿ ವಿಚಾರಿಸಿ. ದನಕ್ಕೆ ಕೆಚ್ಚಲುಬಾವಿಗೆಂದು ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಆ ಔಷಧ ಹಾಲಿಗೆ ಇಳಿದು ಹೆಪ್ಪನ್ನೇ ಕೊಲ್ಲುತ್ತದೆ. ಔಷಧದ ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯುವವರೆಗೆ ಆ ಹಾಲನ್ನು ಯಾರಿಗೂ ಕೊಡಬಾರದು. ಹಾಲು ಕೆಡದಂತೆ ಅಡುಗೆ ಸೋಡಾ ಬೆರೆಸಿದ್ದರೂ ಹುಳಿ ಬರಲು ಕಷ್ಟ.

ಊರಿಗೆ ಹೋಗಿ ಬರುವಷ್ಟರಲ್ಲಿ ಹೆಪ್ಪು ಕಳೆದುಕೊಳ್ಳುವವರು ಗಟ್ಟಿ ಮೊಸರನ್ನು ಐಸ್ ತಟ್ಟೆಯ ಗುಳಿಗಳಿಗೆ ತುಂಬಿಸಿ ಫ್ರೀಜರಿನಲ್ಲಿಡಿ. ಒಂದಷ್ಟು ಬ್ಯಾಕ್ಟೀರಿಯ ಸಾಯುವುದರಿಂದ ಮೊದಲ ಬಾರಿ ಒಂದರ ಬದಲು ಎರಡು ತುಂಡು ಹಾಕಬೇಕು.

ಕಟ್ಟುನಿಟ್ಟಾಗಿ ಹೇಳಿದರೆ ಮನೆ ಮೊಸರನ್ನೂ ಪ್ರೊಬಯಾಟಿಕ್ ಎನ್ನುವ ಹಾಗಿಲ್ಲ, ಯಾಕೆಂದರೆ ಅದರಲ್ಲಿ ಯಾವ ತಳಿ ಎಷ್ಟಿದೆ ಎಂದು ಯಾರೂ ಅಳೆದಿಲ್ಲ. ಆದರೆ ಒಂದು ಪ್ರಯೋಜನ ಖಚಿತ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಮೊಸರು ಒಗ್ಗುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬ್ಯಾಕ್ಟೀರಿಯ ಸ್ವಲ್ಪ ಪಾತ್ರೆಯಲ್ಲೇ ತಿಂದು ಮುಗಿಸಿರುತ್ತದೆ, ಉಳಿದದ್ದರಲ್ಲಿ ಒಂದು ಪಾಲನ್ನು ಅದರ ಕಿಣ್ವ ಸಣ್ಣ ಕರುಳಿನಲ್ಲಿ ಒಡೆಯುತ್ತದೆ. ಹಬೆಯಾಡುವ ಅನ್ನಕ್ಕೆ ಮೊಸರು ಸುರಿಯಬೇಡಿ. ಅನ್ನ ಕೈಗೆ ಉಗುರುಬೆಚ್ಚಗೆ ಆದ ಮೇಲೆ ಕಲಸಿ. ಮಜ್ಜಿಗೆಗೆ ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಜಜ್ಜಿದ ಶುಂಠಿ, ಕರಿಬೇವು, ಚಿಟಿಕೆ ಉಪ್ಪು. ಒಂದು ಚಮಚ ಒಗ್ಗರಣೆಯಿಂದ ಲೀಟರ್ ಮಜ್ಜಿಗೆ ಬಿಸಿಯಾಗದು, ಹೆದರಬೇಕಿಲ್ಲ.

ತಂಗಳನ್ನದಲ್ಲಿ ಹೆಚ್ಚು ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಪಾತ್ರೆಯಲ್ಲಿ ಬೆಚ್ಚಗೇ ಕುಳಿತರೆ ಅವು ಮೊಳೆತು ವಿಷ ಮಾಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗದು. ಹಾಗಾಗಿ ಎರಡು ಲೋಟ ಕುಚ್ಚಿಲಕ್ಕಿ ಅನ್ನವನ್ನು ಹರಿವಾಣದಲ್ಲಿ ತೆಳ್ಳಗೆ ಹರಡಿ ಒಂದು ಗಂಟೆಯೊಳಗೆ ಪೂರ್ತಿ ಆರಿಸಿ. ಕುದಿಸಿ ಆರಿಸಿದ ಮೂರು ಲೋಟ ನೀರಿಗೆ ಎರಡು ದೊಡ್ಡ ಚಮಚ ಹುಳಿ ಮಜ್ಜಿಗೆ ಸೇರಿಸಿ ಅನ್ನ ಮುಳುಗುವಂತೆ ಹೊಯ್ಯಿರಿ. ಮಜ್ಜಿಗೆಯ ಹುಳಿ ಮೊದಲೇ ಜಾಗ ಹಿಡಿಯುವುದರಿಂದ ಕೆಟ್ಟವು ಬೆಳೆಯುವುದು ಕಷ್ಟವಾಗುತ್ತದೆ. ಮಳೆಗಾಲದಲ್ಲಿ ಎಂಟು ಹತ್ತು ಗಂಟೆ, ಬೇಸಗೆಯಲ್ಲಿ ಆರೇಳು. ಬೆಳಿಗ್ಗೆ ಉಪ್ಪು, ನೀರುಳ್ಳಿ, ಜೀರಿಗೆಮೆಣಸು ಹಿಚುಕಿ ಬಿಸಿ ಮಾಡದೆ ಉಣ್ಣಿ, ಮಧ್ಯಾಹ್ನಕ್ಕೆ ಉಳಿಸಬೇಡಿ. ಹಿತವಾದ ಹುಳಿ ವಾಸನೆ ಇರಬೇಕು. ಲೋಳೆ ಅಥವಾ ಕೊಳೆತ ವಾಸನೆ ಇದ್ದರೆ ಬಿಟ್ಟುಬಿಡಿ. ಸಣ್ಣ ಮಕ್ಕಳಿಗೆ, ಬಸುರಿಯರಿಗೆ ಇದು ಬೇಡ, ತಾಜಾ ಮೊಸರು ಸಾಕು.

ತರಕಾರಿಗೆ ಒಂದು ಲೀಟರ್ ನೀರಿಗೆ 25–30 ಗ್ರಾಂ ಉಪ್ಪು. ತೂಗಿಯೇ ಹಾಕಿ, ಹರಳುಪ್ಪಿನ ಚಮಚಕ್ಕೂ ಪುಡಿ ಉಪ್ಪಿನ ಚಮಚಕ್ಕೂ ತುಂಬ ವ್ಯತ್ಯಾಸ. ಕ್ಯಾರೆಟ್, ಎಳೆ ಮುಳ್ಳುಸೌತೆ, ಶುಂಠಿ ಹೆಚ್ಚಿ ಗಾಜಿನ ಭರಣಿಗೆ ತುಂಬಿ ನೀರಿನೊಳಗೆ ಮುಳುಗಿರುವಂತೆ ಮೇಲೊಂದು ಸಣ್ಣ ತಟ್ಟೆಯ ಭಾರ ಇಡಿ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಮೂರರಿಂದ ಐದು ದಿನಕ್ಕೆ ಹುಳಿ ಬರುತ್ತದೆ, ಮತ್ತೆ ಫ್ರಿಜ್ಜಿಗೆ. ಮೇಲೆ ತೆಳು ಬಿಳಿ ಪೊರೆ ಬಂದರೆ ಅದು ಯೀಸ್ಟು, ತೆಗೆದರಾಯಿತು. ಕೂದಲಿನಂತಹ ಬೂಸ್ಟು ಬಂದರೆ ಎಲ್ಲ ಚೆಲ್ಲಿ. ರಕ್ತದೊತ್ತಡ ಇರುವವರಿಗೆ ಇದಕ್ಕಿಂತ ಮೊಸರು ಮೇಲು.

ಮೊಸರು, ಮಜ್ಜಿಗೆ ದಿನಕ್ಕೆ ಎಷ್ಟು? ಅಭ್ಯಾಸ ಇಲ್ಲದವರು ಅರ್ಧ ಲೋಟದಿಂದ ಶುರು ಮಾಡಿ ವಾರದಲ್ಲಿ ಒಂದು ಲೋಟಕ್ಕೆ ಏರಿಸಿ, ಮೊದಲ ದಿನಗಳಲ್ಲಿ ಸ್ವಲ್ಪ ವಾಯು ಆಗಬಹುದು. ಈ ಬ್ಯಾಕ್ಟೀರಿಯಗಳು ಕರುಳಿನಲ್ಲಿ ಮನೆ ಕಟ್ಟುವುದಿಲ್ಲ, ಹಾದು ಹೋಗುವ ಅತಿಥಿಗಳು. ನಿಲ್ಲಿಸಿದರೆ ಪ್ರಯೋಜನವೂ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಅಲ್ಲೇ ನೆಲೆಸಿರುವ ಬ್ಯಾಕ್ಟೀರಿಯಗಳಿಗೆ ಬೇಕಾದದ್ದು ನಾರು: ಬಾಳೆದಿಂಡಿನ ಪಲ್ಯ, ಗುಜ್ಜೆ, ಅಲಸಂಡೆ, ಹುರುಳಿ. ನಾರನ್ನು ಅವು ಬ್ಯುಟಿರೇಟ್ ಎಂಬ ಆಮ್ಲವಾಗಿಸುತ್ತವೆ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಇಡೀ ದೇಹದ ಮಾತಿಗೆ ಬಂದರೆ, 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಪ್ರಕಟಿಸಿದ 36 ಜನರ ಅಧ್ಯಯನದಲ್ಲಿ ಹತ್ತು ವಾರ ಹುಳಿ ಬರಿಸಿದ ಆಹಾರ ಹೆಚ್ಚು ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯದ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ ಸೂಚಕಗಳು ಇಳಿದವು. ಸಣ್ಣ ಅಧ್ಯಯನ, ಆದರೂ ಭರವಸೆಯದ್ದು. ತೂಕ ಇಳಿಯುತ್ತದೆ, ಮನಸ್ಸು ಸರಿಯಾಗುತ್ತದೆ ಎಂದು ಮಾರುವವರ ಮಾತಿಗೆ ಅಷ್ಟು ಆಧಾರ ಇಲ್ಲ.

ಭೇದಿಯಾದಾಗ ಮೊದಲು ಓಆರ್‌ಎಸ್, ಮಕ್ಕಳಿಗೆ ಜೊತೆಗೆ ಜಿಂಕ್. ಇವುಗಳ ಬದಲಿಗೆ ಮಜ್ಜಿಗೆಯೂ ಆಗದು, ಅಂಗಡಿಯ ಪ್ರೊಬಯಾಟಿಕ್ ಕ್ಯಾಪ್ಸೂಲೂ ಆಗದು. ಆ್ಯಂಟಿಬಯಾಟಿಕ್‌ನಿಂದ ಆಗುವ ಭೇದಿ ತಡೆಯಲು ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟು ಮತ್ತು ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ತಳಿಗೆ ತಕ್ಕಮಟ್ಟಿನ ಆಧಾರ ಇದೆ. ಬ್ಯಾಕ್ಟೀರಿಯದ ಕ್ಯಾಪ್ಸೂಲಾದರೆ ಆ್ಯಂಟಿಬಯಾಟಿಕ್ ನುಂಗಿ ಎರಡು ಗಂಟೆ ಬಿಟ್ಟು ತೆಗೆದುಕೊಳ್ಳಿ. ಕೀಮೋ ನಡೆಯುತ್ತಿರುವವರು, ಅಂಗ ಕಸಿ ಆದವರು, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿರುವವರು, ದಿನ ತುಂಬದೆ ಹುಟ್ಟಿದ ಮಕ್ಕಳು – ಇವರಿಗೆ ಪ್ರೊಬಯಾಟಿಕ್ ಕ್ಯಾಪ್ಸೂಲನ್ನು ವೈದ್ಯರು ಹೇಳದೆ ಕೊಡಲೇಬಾರದು, ಬದುಕಿರುವ ಸೂಕ್ಷ್ಮಾಣು ರಕ್ತಕ್ಕೆ ಸೇರಿ ಸೋಂಕಾಗಬಹುದು.

ಕ್ಯಾಪ್ಸೂಲು ಕೊಳ್ಳುವಾಗ ಅಂಗಡಿಯಲ್ಲಿ ಪೆಟ್ಟಿಗೆ ತಿರುಗಿಸಿ ನೋಡಿ. ಜಾತಿಯ ಹೆಸರಾದ ಮೇಲೆ ತಳಿಯ ಗುರುತು (ರಾಮ್ನೋಸಸ್ ಆದ ಮೇಲೆ ಬರುವ ಜಿಜಿಯಂತೆ) ಇರಬೇಕು. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನೇ ಒಡೆದು ಹೊಸ ಹೆಸರು ಕೊಟ್ಟಿರುವುದರಿಂದ ಲ್ಯಾಕ್ಟಿಕೇಸಿಬ್ಯಾಸಿಲಸ್ ಎಂದಿದ್ದರೂ ಗಾಬರಿ ಬೇಡ. ಜೀವಂತ ಸೂಕ್ಷ್ಮಾಣುಗಳ ಸಂಖ್ಯೆಯನ್ನು ತಯಾರಾದ ದಿನಕ್ಕಲ್ಲ, ಅವಧಿ ಮುಗಿಯುವ ದಿನಕ್ಕೆ ಹೇಳಿರುವುದನ್ನೇ ಆರಿಸಿ. 2–8 ಡಿಗ್ರಿಯಲ್ಲಿಡಿ ಎಂದು ಬರೆದಿದ್ದರೆ ಅಂಗಡಿಯವರು ಫ್ರಿಜ್ಜಿನಿಂದಲೇ ತೆಗೆದುಕೊಡುತ್ತಾರೋ ನೋಡಿ. ಕಪಾಟಿನಿಂದ ಕೊಟ್ಟರೆ ಬೇಡ ಎನ್ನಿ. ಮನೆಗೆ ತಂದ ಮೇಲೆ ಫ್ರಿಜ್ಜಿನ ಬಾಗಿಲಲ್ಲಿ ಇಡದೆ ಒಳಗಿನ ಹಲಗೆಯಲ್ಲಿಡಿ.