ಹಳೇ ಪ್ರಾಜೆಕ್ಟಿಗೆ ಹೊಸ ಕೈಗಳು

ಹತ್ತು ವರ್ಷ ದಾಟಿದ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟಿನಲ್ಲಿ ಮೊದಲು ಎಣಿಸಬೇಕಾದ್ದು ಬಗ್‌ಗಳನ್ನಲ್ಲ, ಹೊಸ ಆವೃತ್ತಿ ರಿಲೀಸ್ ಮಾಡಬಲ್ಲವರನ್ನು. ಒಬ್ಬರೇ ಇದ್ದರೆ ಅಪಾಯ. 2024ರಲ್ಲಿ ಫೈಲ್ ಕುಗ್ಗಿಸುವ ಸಾಧನ ಎಕ್ಸ್‌ಝಡ್ ಯುಟಿಲ್ಸ್‌ಗೆ ಹಿಂಬಾಗಿಲು (ಕದ್ದು ಒಳನುಗ್ಗುವ ಕೋಡ್) ಇಟ್ಟವರು, ದಣಿದಿದ್ದ ಒಬ್ಬರೇ ನಿರ್ವಾಹಕರ ನಂಬಿಕೆಯನ್ನು ಎರಡು ವರ್ಷ ತಾಳ್ಮೆಯಿಂದ ಗಳಿಸಿದ್ದರು. ರಿಲೀಸಿನ ಕೀಲಿ ಮೂವರಲ್ಲಿರಲಿ, ಪ್ರತಿ ಬದಲಾವಣೆಯನ್ನೂ ಇನ್ನೊಬ್ಬರು ಓದಲೇಬೇಕು.

ಹೊಸಬರನ್ನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಭಾನುವಾರ ಎರಡು ತಾಸು ಕೂಡಿಸಿ, ಧಾರವಾಡದ ಹುಡುಗರು ಚಿಗರಿ ಬಸ್ಸಿಗೆ ಬರಬಹುದು. ಕನ್ನಡ ಅನುವಾದದ ಪಿಒ ಫೈಲಿನಿಂದ (ಮೂಲ ಸಾಲು, ಅದರ ಅನುವಾದ ಜೋಡಿಯಾಗಿರುವ ಫೈಲು) ಶುರು ಮಾಡಿಸಿ. ಹೊಸಬರು ತಪ್ಪುವುದು ಸಾಮಾನ್ಯವಾಗಿ ಒಂದೇ ಕಡೆ: ಶೇಕಡಾ ಚಿಹ್ನೆಯ ಪ್ಲೇಸ್‌ಹೋಲ್ಡರನ್ನೂ (ಪ್ರೋಗ್ರಾಮ್ ಆಮೇಲೆ ಹೆಸರು, ಸಂಖ್ಯೆ ತುಂಬುವ ಜಾಗ) ಅನುವಾದಿಸಿಬಿಡುತ್ತಾರೆ. ಪಿಒ ಫೈಲು ಪರೀಕ್ಷಿಸುವ ಎಂಎಸ್‌ಜಿಎಫ್‌ಎಂಟಿ ಆಜ್ಞೆಯನ್ನು ಚೆಕ್ ಆಯ್ಕೆಯೊಂದಿಗೆ ಓಡಿಸಿದರೆ ಈ ತಪ್ಪನ್ನು ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ.

ಹೊಸಬರು ಕಳಿಸಿದ ಮೊದಲ ಪ್ಯಾಚಿಗೆ (ಕೋಡಿನ ಬದಲಾವಣೆಗೆ) ಎರಡು ದಿನದೊಳಗೆ ಉತ್ತರ ಕೊಡಿ, ತಿರಸ್ಕರಿಸುವುದಿದ್ದರೂ ಕಾರಣ ಬರೆಯಿರಿ. ಇದೊಂದನ್ನು ಮಾಡದಿದ್ದರೆ ಬಂದವರು ಮತ್ತೆ ಬರುವುದಿಲ್ಲ. ಸೆಮಿಸ್ಟರ್ ಪರೀಕ್ಷೆಯ ತಿಂಗಳು ರಿಲೀಸ್ ಇಟ್ಟುಕೊಳ್ಳಬೇಡಿ.