ಮನೆಗಿಂತ ಮೊದಲು ರಸ್ತೆ ನೋಡಿ: ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಅಮೆರಿಕಕ್ಕೆ ಬರುವವರಿಗೆ

ನಮ್ಮ ಕಡೆಯಿಂದ ಹೊಸದಾಗಿ ಬರುವವರು ಫೋನ್ ಮಾಡಿದಾಗ ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ಆಮೇಲೆ ಶಾಲೆ ಹೇಗಿದೆ ಅಂತ. ಆ ಮನೆಯಿಂದ ನಡೆದುಕೊಂಡು ಎಲ್ಲಿಗೆ ಹೋಗಬಹುದು ಅಂತ ಯಾರೂ ಕೇಳುವುದಿಲ್ಲ. ಬಂದ ಮೇಲೆ ತಾನೇ ಗೊತ್ತಾಗುತ್ತದೆ. ಮನೆಯಲ್ಲಿ ಒಬ್ಬರು ಕಾರು ತೆಗೆದುಕೊಂಡು ಆಫೀಸಿಗೆ ಹೋದರೆ ಉಳಿದವರು ಅಲ್ಲೇ ಬಂದಿ. ಕೊತ್ತಂಬರಿ ಬೇಕಂದರೂ ಸಂಜೆವರೆಗೆ ಕಾಯಬೇಕು. ಲೈಸೆನ್ಸ್ ಸಿಗಬೇಕು, ಎರಡನೇ ಕಾರು ಬರಬೇಕು, ಅಲ್ಲಿಯವರೆಗೆ ಇದೇ ಪಾಡು.

ಹೀಗೇಕೆ ಅಂತ ಮೊದಲು ತಿಳಿದುಕೊಳ್ಳಿ. ಬೆಳಗಾವಿಯ ತಿಲಕವಾಡಿಯಲ್ಲಿ ಕೆಳಗೆ ಕಿರಾಣಿ ಅಂಗಡಿ, ಮೇಲೆ ಮನೆ, ಪಕ್ಕದಲ್ಲಿ ದವಾಖಾನೆ ಇರುವುದು ನಮಗೆ ಸಹಜ. ಇಲ್ಲಿನ ಉಪನಗರಗಳಲ್ಲಿ ಅದಕ್ಕೆ ಕಾನೂನೇ ಅಡ್ಡ ಬರುತ್ತದೆ. ಮನೆಗಳ ವಲಯದಲ್ಲಿ ಮನೆ ಮಾತ್ರ, ಅಂಗಡಿಗಳ ವಲಯದಲ್ಲಿ ಅಂಗಡಿ ಮಾತ್ರ. ಓಹಾಯೋದ ಯೂಕ್ಲಿಡ್ ಎಂಬ ಊರಿನ ಕೇಸಿನಲ್ಲಿ 1926ರಲ್ಲಿ ಸುಪ್ರೀಂ ಕೋರ್ಟ್ ಇಂಥ ವಿಂಗಡಣೆ ಸರಿ ಎಂದಿತು. 1956ರ ಹೆದ್ದಾರಿ ಕಾಯ್ದೆಯಿಂದ ದೊಡ್ಡ ರಸ್ತೆಗಳು ಬಂದವು. ಊರು ಹರಡುತ್ತಾ ಹೋಯಿತು. ಬಾಗಲಕೋಟೆಯವರಿಗೆ ಇದು ಬೇಗ ಅರ್ಥವಾಗಬೇಕು. ಆಲಮಟ್ಟಿ ಹಿನ್ನೀರಿಗೆ ಹಳೆ ಊರು ಹೋದಾಗ ಸರ್ಕಾರ ನಕ್ಷೆ ಹಾಕಿ ನವನಗರ ಕಟ್ಟಿದ್ದನ್ನು ಅವರು ಕಂಡಿದ್ದಾರೆ. ಸೆಕ್ಟರ್ ನಂಬರ್ ಹೇಳಿ ಮನೆ ಹುಡುಕುವುದು ಅವರಿಗೆ ಹೊಸದಲ್ಲ. ಆದರೆ ನವನಗರದಲ್ಲಿ ಮನೆ ಮುಂದೆ ಒಂದು ಚಹಾದ ಗಾಡಿ ನಿಂತರೆ ಅದು ದೊಡ್ಡ ಸುದ್ದಿಯಲ್ಲ. ಇಲ್ಲಿ ಅದೇ ದೊಡ್ಡ ಸುದ್ದಿ.

ಈಗ ಮನೆ ಹುಡುಕುವ ವಿಷಯ. ಮ್ಯಾಪಿನಲ್ಲಿ ಅಂಗಡಿ ಅರ್ಧ ಮೈಲಿ ದೂರ ಕಾಣಿಸಿದರೆ ಖುಷಿಪಡಬೇಡಿ. ನಡೆಯುವ ದಾರಿ ಹಾಕಿ ನೋಡಿ. ಉಪನಗರದ ಬೀದಿಗಳು ಸುತ್ತಿ ಸುತ್ತಿ ಹೋಗಿ ಒಂದು ಕಡೆ ಸುಮ್ನೆ ಮುಗಿದುಬಿಡುತ್ತವೆ. ಹಿಂದಿನ ಗೋಡೆಯಾಚೆಗೇ ಅಂಗಡಿ ಇರುತ್ತದೆ, ಗೋಡೆಯಲ್ಲಿ ಬಾಗಿಲಿರುವುದಿಲ್ಲ. ಹಾಗಾಗಿ ಅರ್ಧ ಮೈಲಿ ಎರಡು ಮೈಲಿಯಾಗುತ್ತದೆ. ಸಾಧಾರಣ ನಡಿಗೆಯಲ್ಲಿ ಅರ್ಧ ಮೈಲಿಗೆ ಹತ್ತು ನಿಮಿಷ ಸಾಕು. ಅಷ್ಟರೊಳಗೆ ಒಂದು ದಿನಸಿ ಅಂಗಡಿ, ಒಂದು ಬಸ್ ಸ್ಟಾಪ್, ಸಾಧ್ಯವಾದರೆ ಒಂದು ಲೈಬ್ರರಿ ಸಿಕ್ಕರೆ ಆ ಮನೆಗೆ ತಿಂಗಳಿಗೆ ಸ್ವಲ್ಪ ಜಾಸ್ತಿ ಬಾಡಿಗೆ ಕೊಟ್ಟರೂ ನಷ್ಟವಿಲ್ಲ ಎಂಬುದು ನನ್ನ ಲೆಕ್ಕ. ಎರಡನೇ ಕಾರಿನ ಕಂತು, ಇನ್ಶೂರೆನ್ಸ್, ಪೆಟ್ರೋಲು ಸೇರಿಸಿ ನೋಡಿ, ನಿಮಗೇ ತಿಳಿಯುತ್ತದೆ.

ಬಾಡಿಗೆ ಜಾಹೀರಾತುಗಳಲ್ಲಿ ವಾಕ್ ಸ್ಕೋರ್ ಅಂತ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟಿರುತ್ತಾರೆ. ಅಂಗಡಿಗಳು ಎಷ್ಟು ಹತ್ತಿರ ಎಂಬುದನ್ನು ಅದು ಚೆನ್ನಾಗಿಯೇ ಹೇಳುತ್ತದೆ. ನಡುವೆ ಆರು ಲೇನಿನ ರಸ್ತೆ ದಾಟುವುದು ಎಷ್ಟು ಭಯ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಸ್ಟ್ರೀಟ್ ವ್ಯೂ ತೆರೆದು ಮನೆಯಿಂದ ಅಂಗಡಿವರೆಗೆ ಪೂರ್ತಿ ದಾರಿ ನೋಡಿ. ಫುಟ್‌ಪಾತ್ ಎರಡೂ ಕಡೆ ಇದೆಯಾ, ನಡುವೆ ಕಾಣೆಯಾಗುತ್ತದಾ? ಮರದ ನೆರಳಿದೆಯಾ? ವೇಗದ ಬೋರ್ಡಿನಲ್ಲಿ ಎಷ್ಟು ಬರೆದಿದೆ? ನಲವತ್ತೈದು ಅಂತಿದ್ದರೆ ನೆನಪಿಡಿ, ಅದು ಮೈಲಿ. ಗಂಟೆಗೆ 72 ಕಿಲೋಮೀಟರ್.

ಈ ಅಂಕಿ ಯಾಕೆ ಮುಖ್ಯ ಗೊತ್ತಾ? ಕಾರು ಓಡಿಸುವವರ ಸಂಘವಾದ ಅಮೆರಿಕದ ಎಎಎ ಸಂಸ್ಥೆಯ ಪ್ರತಿಷ್ಠಾನ 2011ರಲ್ಲಿ ಲೆಕ್ಕ ಹಾಕಿದ ಪ್ರಕಾರ, 23 ಮೈಲಿ ವೇಗದ ಕಾರು ಬಡಿದರೆ ನಡೆಯುವವರು ಸಾಯುವ ಸಾಧ್ಯತೆ ಸುಮಾರು ನೂರಕ್ಕೆ 10. 32 ಮೈಲಿಗೆ 25, 42 ಮೈಲಿಗೆ 50. ಬೋರ್ಡಿನ ಮೇಲೆ ಸಣ್ಣ ವ್ಯತ್ಯಾಸ, ಮೈಮೇಲೆ ದೊಡ್ಡ ವ್ಯತ್ಯಾಸ. 2022ರಲ್ಲಿ ಈ ದೇಶದಲ್ಲಿ 7,500ಕ್ಕೂ ಹೆಚ್ಚು ಪಾದಚಾರಿಗಳು ರಸ್ತೆಯಲ್ಲಿ ಸತ್ತರು. ಇಲ್ಲಿ ಹಾರ್ನ್ ಕೇಳಿಸುವುದಿಲ್ಲ, ಎಲ್ಲರೂ ಲೇನಿನಲ್ಲೇ ಹೋಗುತ್ತಾರೆ, ಹಾಗಾಗಿ ರಸ್ತೆ ಸುರಕ್ಷಿತ ಅನ್ನಿಸುತ್ತದೆ. ಮೋಸಹೋಗಬೇಡಿ.

ದಾಟುವಾಗ ಮೊದಲು ಎಡಕ್ಕೆ ನೋಡಿ. ಊರಿನಲ್ಲಿ ಬಲಕ್ಕೆ ನೋಡಿ ಬೆಳೆದ ಕತ್ತು ಅಷ್ಟು ಬೇಗ ಬದಲಾಗುವುದಿಲ್ಲ. ಸಿಗ್ನಲ್ ಕಂಬದಲ್ಲಿರುವ ಬಟನ್ ಒತ್ತಿ. ಎಷ್ಟೋ ಕಡೆ ಒತ್ತದಿದ್ದರೆ ನಡೆಯುವ ದೀಪ ಬರುವುದೇ ಇಲ್ಲ. ದೀಪ ಬಂದರೂ ಬಲಕ್ಕೆ ತಿರುಗುವ ಕಾರಿನ ಮೇಲೆ ಕಣ್ಣಿರಲಿ. ಕೆಂಪು ದೀಪ ಇದ್ದರೂ ನಿಂತು ಬಲಕ್ಕೆ ತಿರುಗಲು ಇಲ್ಲಿ ಬಹುತೇಕ ಕಡೆ ಅನುಮತಿ ಇದೆ. ಡ್ರೈವರ್ ಎಡದಿಂದ ಬರುವ ಕಾರುಗಳನ್ನು ನೋಡುತ್ತಿರುತ್ತಾನೆ, ಅವನ ಬಲಗಡೆ ನಿಂತ ನೀವು ಕಾಣಿಸುವುದಿಲ್ಲ. ಇನ್ನೊಂದು ವಿಷಯ: ಸಿಗ್ನಲ್ಲಿನ ಸಮಯವನ್ನು ಸೆಕೆಂಡಿಗೆ 3.5 ಅಡಿ ನಡೆಯುವವರ ಲೆಕ್ಕದಲ್ಲಿ ಇಡುತ್ತಾರೆ. ಊರಿಂದ ಬರುವ ಅಪ್ಪ, ಅವ್ವನ ಮೊಣಕಾಲಿಗೆ ಆ ಲೆಕ್ಕ ಹೊಂದುವುದಿಲ್ಲ. ಅವರಿಗೆ ನಡುವೆ ನಿಲ್ಲಲು ಕಟ್ಟೆ ಇರುವ ರಸ್ತೆಯನ್ನೇ ತೋರಿಸಿಕೊಡಿ.

ಹಿರಿಯರ ಮಾತು ಬಂತು ಅಂತ ಹೇಳುತ್ತೇನೆ. ಆರು ತಿಂಗಳಿಗೆಂದು ಬಂದವರು ಎರಡನೇ ವಾರಕ್ಕೇ "ಇಲ್ಲಿ ರಸ್ತ್ಯಾಗ ಮಂದೀನ ಇಲ್ಲಲ್ಲಪಾ" ಅನ್ನುತ್ತಾರೆ. ಅವರಿಗೆ ಬೇಕಿರುವುದು ದೊಡ್ಡ ಪಾರ್ಕ್ ಅಲ್ಲ. ನಡೆದು ಹೋಗಿ ಕೂರಲು ಒಂದು ಬೆಂಚು, ನಾಲ್ಕು ಮುಖ, ಹತ್ತಿರದಲ್ಲಿ ಟಾಯ್ಲೆಟ್. ಈ ಮೂರೂ ಸಿಗುವ ಜಾಗವೇ ಇಲ್ಲಿನ ಹಳೆಯ ಡೌನ್‌ಟೌನ್. ಕಾರು ಬರುವ ಮುಂಚೆ ರೈಲು ಸ್ಟೇಷನ್ ಪಕ್ಕ ಬೆಳೆದ ನಾಲ್ಕೈದು ಬೀದಿಗಳು ಅನೇಕ ಉಪನಗರಗಳಲ್ಲಿ ಇನ್ನೂ ಇವೆ. ಅದರ ಹತ್ತಿರ ಮನೆ ಸಿಕ್ಕರೆ ಬಿಡಬೇಡಿ.

ಒಳ್ಳೆಯ ಡೌನ್‌ಟೌನನ್ನು ಗುರುತಿಸುವುದು ಸುಲಭ. ಅಂಗಡಿಯ ಬಾಗಿಲು ಫುಟ್‌ಪಾತಿಗೇ ತೆರೆದಿರುತ್ತದೆ, ಪಾರ್ಕಿಂಗ್ ಹಿಂದೆ ಇರುತ್ತದೆ. ಕೆಟ್ಟದ್ದರಲ್ಲಿ ಇದು ತಿರುವುಮುರುವು: ಮುಂದೆ ಡಾಂಬರಿನ ಮೈದಾನ, ಅಂಗಡಿ ಎಲ್ಲೋ ದೂರದಲ್ಲಿ. ಇದರ ಹಿಂದೆಯೂ ನಿಯಮವಿದೆ. ಸಾವಿರ ಚದರಡಿ ಅಂಗಡಿಗೆ ನಾಲ್ಕು ಕಾರಿನ ಜಾಗ ಬಿಡಲೇಬೇಕು ಎಂಬುದು ಉಪನಗರಗಳಲ್ಲಿ ತುಂಬಾ ಸಾಮಾನ್ಯ. ಕಾರು ಹಿಂದೆಮುಂದೆ ಮಾಡುವ ಜಾಗ ಸೇರಿಸಿದರೆ ಒಂದಕ್ಕೆ 300 ಚದರಡಿಗಿಂತ ಜಾಸ್ತಿ ಬೇಕು. ಅಂದರೆ ಅಂಗಡಿಗಿಂತ ಅದರ ಪಾರ್ಕಿಂಗೇ ದೊಡ್ಡದು! ಬೆಳಗಾವಿಯ ಖಡೇ ಬಜಾರಿಗೆ ಈ ನಿಯಮ ಹಾಕಿದ್ದರೆ ಅಲ್ಲಿ ಅರ್ಧ ಅಂಗಡಿಯೂ ಉಳಿಯುತ್ತಿರಲಿಲ್ಲ. ಖಡೇ ಬಜಾರಿನಲ್ಲಿ ನಡೆಯುವುದು ಸುಖ ಅಂತ ನಾನು ಹೇಳುತ್ತಿಲ್ಲ. ಹಬ್ಬದ ಮುಂದೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಫುಟ್‌ಪಾತ್ ಮೇಲೆ ಸ್ಕೂಟರ್ ನಿಂತಿರುತ್ತವೆ. ಆದರೂ ಜನ ಬರುತ್ತಾರೆ, ಯಾಕೆಂದರೆ ಹತ್ತು ಹೆಜ್ಜೆಗೊಂದು ಬಾಗಿಲು. ಇಲ್ಲಿ ಫುಟ್‌ಪಾತ್ ಕನ್ನಡಿಯ ಹಾಗೆ ಇದ್ದರೂ ಬಾಗಿಲಿಲ್ಲದ ಗೋಡೆಯ ಪಕ್ಕ ಯಾರು ನಡೆಯುತ್ತಾರೆ?

ಈಗ ಇಲ್ಲೂ ಗಾಳಿ ಬದಲಾಗುತ್ತಿದೆ. ಬಫಲೋ ನಗರ 2017ರಲ್ಲಿ, ಮಿನಿಯಾಪೊಲಿಸ್ 2021ರಲ್ಲಿ ಕಡ್ಡಾಯ ಪಾರ್ಕಿಂಗ್ ನಿಯಮ ಕೈಬಿಟ್ಟವು. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಮುಖ್ಯ ರೈಲು, ಬಸ್ ನಿಲ್ದಾಣಗಳ ಅರ್ಧ ಮೈಲಿಯೊಳಗೆ ಹೊಸ ಕಟ್ಟಡಗಳ ಮೇಲೆ ಹೆಚ್ಚುಕಡಿಮೆ ಅದನ್ನು ಹೇರುವಂತಿಲ್ಲ. ನಮ್ಮ ಮಂದಿ ತುಂಬಾ ಇರುವ ಮೌಂಟನ್ ವ್ಯೂನಲ್ಲಿ ಕ್ಯಾಸ್ಟ್ರೋ ಸ್ಟ್ರೀಟಿನ ಒಂದು ಭಾಗಕ್ಕೆ 2020ರಿಂದ ಕಾರು ಬಿಡುವುದಿಲ್ಲ. ಕೋವಿಡ್ ಕಾಲದಲ್ಲಿ ಹೋಟೆಲುಗಳು ಬೀದಿಗೆ ಟೇಬಲ್ ಹಾಕಿದವು, ಜನ ಬಿಟ್ಟುಕೊಡಲಿಲ್ಲ. ಅದೇ ರಾಜ್ಯದ ಲ್ಯಾಂಕಾಸ್ಟರ್ ಇನ್ನೂ ಒಳ್ಳೆಯ ಪಾಠ. ಬಿಸಿಲಿನಲ್ಲಿ ಅದು ವಿಜಯಪುರಕ್ಕೇನೂ ಕಮ್ಮಿಯಿಲ್ಲ. 2010ರಲ್ಲಿ ಅಲ್ಲಿನ ಮುಖ್ಯ ಬೀದಿಯ ಲೇನ್ ಕಮ್ಮಿ ಮಾಡಿ, ನಡುವೆ ಸಾಲುಮರ ನೆಟ್ಟು, ಮರದಡಿ ಬೆಂಚು ಹಾಕಿದರು. ನೆರಳಿಲ್ಲದ ಫುಟ್‌ಪಾತ್ ಮಧ್ಯಾಹ್ನ ಯಾರಿಗೂ ಬೇಡ ಅನ್ನುವುದು ಗಾಂಧಿ ಚೌಕದಲ್ಲಿ ಮೇ ತಿಂಗಳು ಕಳೆದವರಿಗೆ ಹೇಳಬೇಕೇ? ಇಂಡಿಯಾನಾದ ಕಾರ್ಮೆಲ್ ಎಂಬ ಉಪನಗರ ಸಿಗ್ನಲ್ ತೆಗೆದು 150ಕ್ಕೂ ಹೆಚ್ಚು ಸರ್ಕಲ್ ಕಟ್ಟಿಸಿದೆ. ಚೆನ್ನಮ್ಮ ಸರ್ಕಲ್ ಸುತ್ತಿದವರಿಗೆ ಸರ್ಕಲ್ ಹೊಸದಲ್ಲ ಬಿಡಿ. ಆದರೆ ಇಲ್ಲಿ ಸುತ್ತುವುದು ಉಲ್ಟಾ, ಒಳಗಿರುವ ಗಾಡಿಗೆ ಮೊದಲ ಹಕ್ಕು.

ಸೈಕಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಿಜಯಪುರ, ಬಾಗಲಕೋಟೆಯ ಹುಡುಗರು ಸೈಕಲ್ ರೇಸಿನಲ್ಲಿ ಹೆಸರು ಮಾಡಿದವರು, ಅವರಿಗೆ ನಾನೇನು ಕಲಿಸಲಿ! ಆದರೂ ಇಲ್ಲಿನ ನಿಯಮ ಬೇರೆ. ಕಾರುಗಳು ಹೋಗುವ ದಿಕ್ಕಿನಲ್ಲೇ, ರಸ್ತೆಯ ಬಲಗಡೆ ಹೋಗಬೇಕು. ರಾತ್ರಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲಿ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಬಿಡಿ, ಯಾರು ಯಾವಾಗ ಬಾಗಿಲು ತೆಗೆಯುತ್ತಾರೋ ಹೇಳಲಾಗದು. ಫುಟ್‌ಪಾತ್ ಮೇಲೆ ಸೈಕಲ್ ಬಿಡಬಹುದಾ ಎಂಬುದು ಊರಿಂದೂರಿಗೆ ಬದಲಾಗುತ್ತದೆ, ವಿಚಾರಿಸಿ. ರಸ್ತೆ ಮೇಲೆ ಸೈಕಲ್ಲಿನ ಚಿತ್ರ ಮತ್ತು ಎರಡು ಬಾಣ ಮಾತ್ರ ಬರೆದಿದ್ದರೆ ಅದು ನಿಮಗೆಂದು ಬಿಟ್ಟ ಲೇನ್ ಅಲ್ಲ, ಕಾರಿನ ಜೊತೆ ಹಂಚಿಕೊಳ್ಳಬೇಕು ಅಷ್ಟೇ. ಬಿಳಿ ಗೆರೆಯ ಲೇನ್ ಪರವಾಗಿಲ್ಲ. ನಡುವೆ ಕಟ್ಟೆ ಅಥವಾ ಕಂಬ ಇರುವುದಕ್ಕೆ ಮಾತ್ರ ನಾನು ಮಕ್ಕಳನ್ನು ಬಿಡುತ್ತೇನೆ. ದೂರ ಹೋಗಬೇಕಾದರೆ ಬಸ್ಸಿನ ಮುಂದೆ ಸೈಕಲ್ ಇಡುವ ಸ್ಟ್ಯಾಂಡ್ ಇರುತ್ತದೆ, ಡ್ರೈವರಿಗೆ ಹೇಳಿ ನೀವೇ ಏರಿಸಬೇಕು. ಬೀಗ ಮಾತ್ರ ಗಟ್ಟಿಯಾದ ಕಬ್ಬಿಣದ್ದೇ ಇರಲಿ.

ಇನ್ನು ನೆಲೆ ನಿಂತ ಮೇಲಿನ ಮಾತು. ಇದನ್ನು ನಮ್ಮವರು ಮಾಡುವುದೇ ಇಲ್ಲ, ಅದಕ್ಕೆ ಒತ್ತಿ ಹೇಳುತ್ತೇನೆ. ಹೆಚ್ಚುಕಡಿಮೆ ಪ್ರತಿ ಊರಿಗೂ ನಮ್ಮ ನಗರಸಭೆಯಂಥ ಒಂದು ಸಿಟಿ ಕೌನ್ಸಿಲ್, ಎಲ್ಲಿ ಏನು ಕಟ್ಟಬಹುದು ಅಂತ ನೋಡುವ ಒಂದು ಪ್ಲಾನಿಂಗ್ ಕಮಿಷನ್ ಇರುತ್ತದೆ. ಅವುಗಳ ಸಭೆ ಸಾಮಾನ್ಯವಾಗಿ ಸಂಜೆ ನಡೆಯುತ್ತದೆ. ಯಾರು ಬೇಕಾದರೂ ಎದ್ದು ಎರಡು ಮೂರು ನಿಮಿಷ ಮಾತಾಡಬಹುದು. "ನಾವು ವೀಸಾ ಮೇಲಿರುವವರು, ನಮಗ್ಯಾಕೆ" ಅನ್ನುತ್ತಾರೆ. ಓಟು ಹಾಕಲು ಪೌರತ್ವ ಬೇಕು, ಸಭೆಯಲ್ಲಿ ಮಾತಾಡಲು ಬೇಡ. ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮುಂಚೆ ಹಾಕಲೇಬೇಕು ಅಂತ ಕಾನೂನಿದೆ. ಪಟ್ಟಿ ನೋಡಿ ನಿಮ್ಮ ರಸ್ತೆಯ ವಿಷಯ ಬಂದ ದಿನ ಹೋಗಿ. ಅಲ್ಲಿ ಎದ್ದು ನಿಲ್ಲುವವರು ಹೆಚ್ಚಾಗಿ ದೊಡ್ಡ ವಯಸ್ಸಿನ ಮನೆ ಮಾಲೀಕರು. "ಪಾರ್ಕಿಂಗ್ ಹೋಗುತ್ತದೆ" ಎಂಬ ಒಂದೇ ಮಾತು. ಸ್ಟ್ರೋಲರ್ ತಳ್ಳುವ ತಾಯಿ ಒಬ್ಬಳು ಹೋಗಿ ಈ ಮೂಲೆಯಲ್ಲಿ ದಾಟಲು ಆಗುವುದಿಲ್ಲ ಅಂತ ಹೇಳಿದರೆ ಅದಕ್ಕೆ ತೂಕವಿದೆ. ಇಂಗ್ಲಿಷ್ ಸರಿಯಿಲ್ಲ ಅಂತ ಅಂಜಬೇಡಿ, ಬರೆದುಕೊಂಡು ಓದಿ. ಇಲ್ಲವಾದರೆ ಇಮೇಲ್ ಕಳಿಸಿ, ಅದೂ ದಾಖಲೆಗೆ ಸೇರುತ್ತದೆ.

ಕೇಳುವಾಗ ಸಣ್ಣದನ್ನೇ ಕೇಳಿ. ಇಂಥ ಮೂಲೆಯಲ್ಲಿ ದಾಟುವ ಪಟ್ಟೆ, ಇಂಥ ಸಿಗ್ನಲ್ಲಿನಲ್ಲಿ ಕಾರಿಗಿಂತ ಕೆಲವು ಸೆಕೆಂಡ್ ಮುಂಚೆ ನಡೆಯುವವರಿಗೆ ದೀಪ, ಇಂಥ ಬಸ್ ಸ್ಟಾಪಿಗೆ ಬೆಂಚು. ದೊಡ್ಡ ಬದಲಾವಣೆ ಬೇಕಿದ್ದರೆ ಅದಕ್ಕೊಂದು ಸಮಯವಿದೆ: ರಸ್ತೆಗೆ ಹೊಸ ಡಾಂಬರು ಹಾಕುವಾಗ. ಆಗ ಹೇಗೂ ಗೆರೆಗಳನ್ನು ಹೊಸದಾಗಿ ಬರೆಯಬೇಕು. ನಾಲ್ಕು ಲೇನನ್ನು ಮೂರು ಮಾಡಿ, ನಡುವಿನದನ್ನು ತಿರುಗುವವರಿಗೆ ಬಿಟ್ಟು, ಉಳಿದ ಅಂಚನ್ನು ಸೈಕಲ್ಲಿಗೆ ಕೊಟ್ಟರೆ ಬಣ್ಣದ ಖರ್ಚಷ್ಟೇ. ಹೀಗೆ ಮಾಡಿದ ಕಡೆ ಅಪಘಾತಗಳು ನೂರಕ್ಕೆ 19ರಿಂದ 47ರಷ್ಟು ಇಳಿದಿವೆ ಅಂತ ಕೇಂದ್ರ ಹೆದ್ದಾರಿ ಇಲಾಖೆಯೇ ಹೇಳುತ್ತದೆ. ಯಾವ ವರ್ಷ ಯಾವ ರಸ್ತೆಗೆ ಡಾಂಬರು ಎಂಬ ಪಟ್ಟಿ ಸಿಟಿಯ ಪಬ್ಲಿಕ್ ವರ್ಕ್ಸ್ ವಿಭಾಗದಲ್ಲಿ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಮುಂದಿನ ವರ್ಷದ ಪಟ್ಟಿಯಲ್ಲಿ ನಿಮ್ಮ ರಸ್ತೆ ಇದ್ದರೆ ಈಗಲೇ ಇಮೇಲ್ ಹಾಕಿ. ಡಾಂಬರು ಬಿದ್ದ ಮೇಲೆ ಇನ್ನು ಎಷ್ಟೋ ವರ್ಷ ಆ ಕಡೆ ಯಾರೂ ತಲೆ ಹಾಕುವುದಿಲ್ಲ.