ಕೀಮೋ ನಡೆಯುವಾಗ ಹಿರಿಯ ಹೆಂಗಸರ ಕಾಲಿನ ಬಲ ಉಳಿಸಲು

ಸ್ತನ ಕ್ಯಾನ್ಸರ್‌ಗೆ ಕೀಮೋ ತಗೊಳ್ಳುತ್ತಿರುವ ಅಮ್ಮ, ಅಜ್ಜಿಯರಿಗೆ "ಸುಮ್ಮನೆ ಮಲಗಿ" ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಮಲಗಿದಷ್ಟೂ ತೊಡೆಯ ಸ್ನಾಯು ಕರಗಿ ಸುಸ್ತು ಹೆಚ್ಚುತ್ತದೆ.

ಮೊದಲ ಕೀಮೋಗೆ ಮುಂಚೆಯೇ ಒಂದು ಅಳತೆ ಮಾಡಿಡಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈ ಊರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ, ಎಣಿಸಿ. ಎಪ್ಪತ್ತರ ಹರೆಯದಲ್ಲಿ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. ಪ್ರತಿ ಸೈಕಲ್‌ಗೆ (ಕೀಮೋ ಸರದಿಗೆ) ಮುಂಚೆ ಮತ್ತೆ ಎಣಿಸಿ ಚೀಟಿಯಲ್ಲಿ ಬರೆದಿಡಿ, ಎಣಿಕೆ ಇಳಿಯುತ್ತಿದ್ದರೆ ಆ ಚೀಟಿಯನ್ನೇ ಡಾಕ್ಟರಿಗೆ ತೋರಿಸಿ. ಅವರು ಒಪ್ಪಿದರೆ ಇದೇ ವ್ಯಾಯಾಮ: 8 ಸಲ, ಎರಡು ಸುತ್ತು, ವಾರಕ್ಕೆ ಮೂರು ದಿನ. ಮೂಳೆಗೆ ಕಾಯಿಲೆ ಹರಡಿದ್ದರೆ ಕೇಳದೆ ಶುರು ಮಾಡಲೇಬೇಡಿ.

ನಡಿಗೆ 10 ನಿಮಿಷದಂತೆ ದಿನಕ್ಕೆ ಎರಡು ಮೂರು ಸಲ. ನಮ್ಮ ಕೊಡಗಿನ ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳ ಬೇಡ, ಜಗಲಿಯೇ ಸಾಕು. ಪ್ಯಾಕ್ಲಿಟಾಕ್ಸೆಲ್ ಎಂಬ ಕೀಮೋ ಔಷಧದಿಂದ ಪಾದ ಜೋಮು ಹಿಡಿದಿದ್ದರೆ ನೆಲ ಸರಿಯಾಗಿ ತಿಳಿಯುವುದಿಲ್ಲ. ಸವೆದ ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿ ಹಿಡಿಯುವ ಪಾದರಕ್ಷೆ ಹಾಕಿಸಿ.

50 ಕೆಜಿ ತೂಕದವರಿಗೆ ದಿನಕ್ಕೆ 50ರಿಂದ 75 ಗ್ರಾಂ ಪ್ರೋಟೀನ್ ಬೇಕು, ಕಿಡ್ನಿ ತೊಂದರೆ ಇದ್ದರೆ ಡಾಕ್ಟರ್ ಹೇಳಿದಷ್ಟೇ. ಬರೀ ಕಡಂಬುಟ್ಟು (ಅಕ್ಕಿ ಕಡುಬು), ಅಕ್ಕಿರೊಟ್ಟಿಯಿಂದ ಇದು ಆಗದು. ಜೊತೆಗೆ ಚೆನ್ನಾಗಿ ಬೆಂದ ಮೊಟ್ಟೆ (ಒಂದರಲ್ಲಿ ಸುಮಾರು 6 ಗ್ರಾಂ), ಮೀನು, ಕೋಳಿ, ಬೇಳೆ ಇರಲಿ.

ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ಕೊಟ್ಟು ಕಾಯಬೇಡಿ, ರಾತ್ರಿಯಾದರೂ ತಕ್ಷಣ ಆಸ್ಪತ್ರೆಗೆ. ಭಾಗಮಂಡಲದ ಕಡೆಯವರು, ರಸ್ತೆಗೆ ನೀರು ಬರುವ ದಿನಗಳಿಗೆ ಜೀಪನ್ನು ಮೊದಲೇ ಹೇಳಿಡಿ.